ಮೈ ಬೂದು, ಪುಡಿ ಕೆಂಪು: ಹೆಮಟೈಟ್ ಗುರುತು ಮತ್ತು ಬಳಕೆ

ಪ್ರಶ್ನೆ: ಸಂಡೂರಿನ ಹತ್ತಿರ ನಮ್ಮ ಹೊಲ ಉಳುವಾಗ ಒಂದು ಕಲ್ಲು ಸಿಕ್ಕಿತು. ಮುಷ್ಟಿಗಾತ್ರದ್ದು, ತೂಕ 412 ಗ್ರಾಂ. ಹೊರಗೆ ಕಪ್ಪು-ಬೂದು, ಅಲ್ಲಲ್ಲಿ ಹೊಳಪು. ಒರಟು ಸಿಮೆಂಟಿನ ಮೇಲೆ ಉಜ್ಜಿದರೆ ಕೆಂಪು ಗುರುತು ಬೀಳುತ್ತದೆ. ಹಳೇ ಸ್ಪೀಕರಿನ ಆಯಸ್ಕಾಂತ ಹಿಡಿದರೆ ಸ್ವಲ್ಪ ಎಳೆಯುತ್ತದೆ. ಇದು ಹೆಮಟೈಟೋ ಮ್ಯಾಗ್ನಟೈಟೋ? ಜಾತ್ರೆಯಲ್ಲಿ ‘ಹೆಮಟೈಟ್’ ಎಂದು ಕೊಟ್ಟ ಮಣಿಗಳ ಬ್ರೇಸ್‌ಲೆಟ್ ಆಯಸ್ಕಾಂತಕ್ಕೆ ಕಚ್ಚಿ ಹಿಡಿಯುತ್ತದೆ, ಈ ಕಲ್ಲು ಹಾಗೆ ಹಿಡಿಯುವುದಿಲ್ಲ. ಯಾವುದು ನಿಜ? ಉಕ್ಕು ಬಿಟ್ಟರೆ ಇದರಿಂದ ಬೇರೆ ಉಪಯೋಗ ಇದೆಯೇ? ಕಲ್ಲಿಗೆ ಬೆಲೆ ಏನಾದರೂ ಬರುತ್ತದೆಯೇ?

ಉತ್ತರ: ನಿಮ್ಮ ಹೊಲದ ಕಲ್ಲು ಬಹುಮಟ್ಟಿಗೆ ಹೆಮಟೈಟೇ. ಬ್ರೇಸ್‌ಲೆಟ್ ಅಲ್ಲ. ಎರಡಕ್ಕೂ ಕಾರಣ ಹೇಳುತ್ತೇನೆ. ಆದರೆ ನನ್ನ ಮಾತಿನ ಮೇಲೆ ನಂಬಿಕೆ ಇಡುವ ಬದಲು ಮನೆಯಲ್ಲೇ ಮೂರು ಪರೀಕ್ಷೆ ಮಾಡಿ ನೋಡಿ, ಖರ್ಚಿಲ್ಲ.

ಹೆಮಟೈಟ್ ಅಂದರೆ ಕಬ್ಬಿಣದ ಆಕ್ಸೈಡ್: ಕಬ್ಬಿಣದ ಎರಡು ಪರಮಾಣುಗಳಿಗೆ ಆಮ್ಲಜನಕದ ಮೂರು. ಅಪ್ಪಟ ಹೆಮಟೈಟಿನ ತೂಕದಲ್ಲಿ ಶೇ. 70 ರಷ್ಟು ಕಬ್ಬಿಣ. ಹೊರನೋಟ ನೋಡಿ ಇದನ್ನು ಗುರುತಿಸಲು ಹೋದರೆ ಮೋಸ ಹೋಗುವುದು ಖಂಡಿತ. ಕನ್ನಡಿಯಂತೆ ಹೊಳೆಯುವ ಕಪ್ಪು ಹರಳೂ ಹೆಮಟೈಟ್, ಕೈಗೆ ಅಂಟುವ ಕೆಂಪು ಮಣ್ಣಿನ ಬಣ್ಣವೂ ಹೆಮಟೈಟ್. ಎಲ್ಲ ರೂಪಕ್ಕೂ ಸಮಾನವಾದದ್ದು ಒಂದೇ, ಪುಡಿಯ ಬಣ್ಣ. ದಪ್ಪ ಹರಳಿನೊಳಗೆ ಬೆಳಕು ಇಳಿಯುವುದಿಲ್ಲ, ಮೇಲ್ಮೈಯಿಂದಲೇ ಲೋಹದ ಹಾಗೆ ಹಿಮ್ಮರಳುತ್ತದೆ, ಹಾಗಾಗಿ ಬೂದು. ಪುಡಿಯಾಗಿ ಕಣ ಕೆಲವೇ ಮೈಕ್ರಾನಿಗೆ ಇಳಿದಾಗ ಬೆಳಕು ಕಣದ ಒಳಹೊಕ್ಕು ಬರುತ್ತದೆ. ಬರುವ ದಾರಿಯಲ್ಲಿ ನೀಲಿ, ಹಸಿರು ಹೀರಲ್ಪಟ್ಟು ಕೆಂಪು ಉಳಿಯುತ್ತದೆ.

ಮೊದಲ ಪರೀಕ್ಷೆ, ಒರೆ ಹಚ್ಚುವುದು. ಸಿಮೆಂಟಿನ ಮೇಲೆ ಉಜ್ಜಿದ್ದು ಸಾಲದು, ಅದರ ಬಣ್ಣವೇ ಬೂದು. ಉಪ್ಪಿನಕಾಯಿ ಜಾಡಿಯನ್ನೋ ಪಿಂಗಾಣಿ ಕಪ್ಪನ್ನೋ ಬೋರಲು ಹಾಕಿ, ತಳದಲ್ಲಿ ಹೊಳಪು ಹಚ್ಚದ ಬಿಳಿ ಉಂಗುರ ಇರುತ್ತದಲ್ಲ, ಅದರ ಮೇಲೆ ಒತ್ತಿ ಎಳೆಯಿರಿ. ಬಚ್ಚಲುಮನೆ ಟೈಲ್ಸಿನ ಬೆನ್ನು ಬಳಸಿ ಎಂದು ಹಲವರು ಹೇಳುತ್ತಾರೆ. ಗೋಡೆಗೆ ಹಾಕುವ ಎಷ್ಟೋ ಟೈಲ್ಸಿನ ಒಳಮೈ ಕೆಂಪು ಜೇಡಿಯದು, ಅದರ ಮೇಲೆ ಯಾವ ಕಲ್ಲು ಎಳೆದರೂ ಕೆಂಪೇ ಕಾಣುತ್ತದೆ. ಬೆನ್ನು ಬಿಳಿ ಇದ್ದರೆ ಮಾತ್ರ ಅದು ಆಗಬಹುದು. ಗೆರೆ ರಕ್ತಗೆಂಪು ಅಥವಾ ಕೆಂಗಂದು ಬಂದರೆ ಹೆಮಟೈಟ್. ಕಪ್ಪು ಬಂದರೆ ಮ್ಯಾಗ್ನಟೈಟ್, ಅಂದರೆ ಆಯಸ್ಕಾಂತ ಬಲವಾಗಿ ಎಳೆಯುವ ಇನ್ನೊಂದು ಕಬ್ಬಿಣದ ಆಕ್ಸೈಡ್. ಹಳದಿ-ಕಂದು ಬಂದರೆ ಗೋಯಥೈಟ್, ಅಂದರೆ ನೀರಿನಂಶ ಸೇರಿದ ಕಬ್ಬಿಣದ ಆಕ್ಸೈಡ್. ಇದರಲ್ಲಿ ಕಬ್ಬಿಣ ಶೇ. 63 ರಷ್ಟು ಮಾತ್ರ.

ಇಲ್ಲಿ ಆಗುವ ದೊಡ್ಡ ತಪ್ಪು ಕಲ್ಲಿನ ಹೊರಮೈಯನ್ನೇ ಉಜ್ಜುವುದು. ಬಿಸಿಲು ಮಳೆಗೆ ಬಿದ್ದ ಮ್ಯಾಗ್ನಟೈಟಿನ ಮೇಲೂ ತುಕ್ಕಿನ ತೆಳು ಪದರ ಇರುತ್ತದೆ, ಅದೂ ಕೆಂಪು ಗೆರೆ ಕೊಡುತ್ತದೆ. ಸುತ್ತಿಗೆಯಿಂದ ಒಂದು ಮೂಲೆ ಒಡೆದು ಹೊಸ ಮುಖವನ್ನು ಒರೆ ಹಚ್ಚಿ. ಒಡೆಯುವಾಗ ಕಲ್ಲನ್ನು ಗೋಣಿತಾಟಿನಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಇರಲಿ.

ಎರಡನೆಯದು ಆಯಸ್ಕಾಂತ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಸಾದಾ ಆಯಸ್ಕಾಂತ ಅಪ್ಪಟ ಹೆಮಟೈಟನ್ನು ಎಳೆಯುವುದಿಲ್ಲ. ಹಾರ್ಡ್ ಡಿಸ್ಕಿನೊಳಗೆ ಸಿಗುವ ನಿಯೋಡಿಮಿಯಮ್ ಆಯಸ್ಕಾಂತವನ್ನು ದಾರದಲ್ಲಿ ಇಳಿಬಿಟ್ಟರೆ ಅದು ಹೆಮಟೈಟಿನತ್ತ ಚೂರು ವಾಲಬಹುದು. ಹೆಮಟೈಟಿನೊಳಗೆ ಕಬ್ಬಿಣದ ಪರಮಾಣುಗಳು ಎದುರುಬದುರಾಗಿ ನಿಂತು ಒಂದರ ಕಾಂತಬಲವನ್ನು ಇನ್ನೊಂದು ಕಳೆದುಬಿಡುತ್ತವೆ. ನಿಲುವು ತುಸು ಓರೆ ಆಗಿರುವುದರಿಂದ ಅತ್ಯಲ್ಪ ಬಲ ಉಳಿಯುತ್ತದೆ, ಅಷ್ಟೇ.

ನಿಮ್ಮ ಕಲ್ಲು ಅದಕ್ಕಿಂತ ಹೆಚ್ಚು ಎಳೆತ ತೋರಿಸುತ್ತಿದ್ದರೆ ಗಾಬರಿ ಬೇಡ. ಸಂಡೂರು ಸೀಮೆಯ ಅದಿರಿನಲ್ಲಿ ‘ಮಾರ್ಟೈಟ್’ ಎಂಬ ರೂಪ ಸಾಮಾನ್ಯ. ಅದು ಮೊದಲು ಮ್ಯಾಗ್ನಟೈಟ್ ಆಗಿದ್ದದ್ದು, ಕಾಲಾಂತರದಲ್ಲಿ ಆಮ್ಲಜನಕ ಸೇರಿ, ಹರಳಿನ ಹೊರ ಆಕಾರ ಹಾಗೆಯೇ ಉಳಿದು, ಒಳಗೆಲ್ಲ ಹೆಮಟೈಟ್ ಆದದ್ದು. ಈ ಬದಲಾವಣೆ ಎಲ್ಲ ಕಡೆ ಪೂರ್ತಿಯಾಗಿರುವುದಿಲ್ಲ. ಕಣದ ನಡುವೆ ಉಳಿದ ಚೂರು ಮ್ಯಾಗ್ನಟೈಟೇ ನಿಮ್ಮ ಆಯಸ್ಕಾಂತವನ್ನು ಎಳೆಯುತ್ತಿರುವುದು. ಖಚಿತ ಮಾಡಿಕೊಳ್ಳಬೇಕೆಂದರೆ ಒಡೆದ ಚೂರನ್ನು ನಯವಾಗಿ ಕುಟ್ಟಿ ಬಿಳಿ ಕಾಗದದ ಮೇಲೆ ತೆಳುವಾಗಿ ಹರಡಿ. ಆಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ (ಬರಿ ಆಯಸ್ಕಾಂತಕ್ಕೆ ಪುಡಿ ಅಂಟಿದರೆ ಬಿಡಿಸಲಾಗದು) ಪುಡಿಯ ಮೇಲೆ ಒಂದು ಬೆರಳಿನಷ್ಟು ಎತ್ತರದಲ್ಲಿ ಆಡಿಸಿ. ಒಂದಿಷ್ಟು ಕಪ್ಪು ಕಣ ಹಾರಿ ಅಂಟಿ, ಕೆಂಪು ಪುಡಿ ಕಾಗದದ ಮೇಲೇ ಉಳಿದರೆ ಮಾರ್ಟೈಟ್. ಪುಡಿಯೆಲ್ಲ ಕಪ್ಪಾಗಿದ್ದು ಬಹುಪಾಲು ಎದ್ದುಬಂದರೆ ಮ್ಯಾಗ್ನಟೈಟ್.

ಮೂರನೆಯದು ಸಾಂದ್ರತೆ. ನನಗೆ ತುಂಬ ಇಷ್ಟವಾದ ಪರೀಕ್ಷೆ ಇದು, ಏಕೆಂದರೆ ಹೆಸರಿನ ಜತೆಗೆ ಕಲ್ಲಿನಲ್ಲಿ ಎಷ್ಟು ಕಬ್ಬಿಣ ಇದೆ ಎಂಬ ಅಂದಾಜನ್ನೂ ಕೊಡುತ್ತದೆ. ಒಂದು ಗ್ರಾಂ ತನಕ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಕಲ್ಲನ್ನು ರಾತ್ರಿ ನೀರಿನಲ್ಲಿ ನೆನೆಸಿ, ಬಟ್ಟೆಯಿಂದ ಮೈ ಒರೆಸಿ ತೂಗಿ. ಬಳಿಕ ತಕ್ಕಡಿಯ ಮೇಲೆ ಅರ್ಧ ನೀರಿನ ಪಾತ್ರೆ ಇಟ್ಟು ಸೊನ್ನೆಗೆ ತನ್ನಿ. ಕಲ್ಲಿಗೆ ತೆಳು ದಾರ ಕಟ್ಟಿ ಕೈಯಲ್ಲಿ ಹಿಡಿದು ಪೂರ್ತಿ ಮುಳುಗಿಸಿ. ತಳಕ್ಕಾಗಲಿ ಗೋಡೆಗಾಗಲಿ ತಾಗಬಾರದು, ಮೈಗೆ ಗಾಳಿಗುಳ್ಳೆ ಅಂಟಿರಬಾರದು. ಆಗ ತಕ್ಕಡಿ ತೋರಿಸುವ ಗ್ರಾಂ ಸಂಖ್ಯೆಯೇ ಕಲ್ಲಿನ ಗಾತ್ರ, ಘನ ಸೆಂಟಿಮೀಟರುಗಳಲ್ಲಿ. ಕಲ್ಲಿನ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ.

ಅಪ್ಪಟ ಹೆಮಟೈಟಿನ ಸಾಂದ್ರತೆ 5.25 ರ ಆಸುಪಾಸು, ಬೆಣಚುಕಲ್ಲಿನದು 2.65. ನಮ್ಮ ಸೀಮೆಯ ಅದಿರಿನಲ್ಲಿ ಹೆಮಟೈಟಿನ ಜತೆ ಬೆರೆತಿರುವುದು ಮುಖ್ಯವಾಗಿ ಬೆಣಚು ಎಂದಿಟ್ಟುಕೊಂಡರೆ ಲೆಕ್ಕ ಸುಲಭ: 2.65 ನ್ನು ನಿಮ್ಮ ಸಾಂದ್ರತೆಯಿಂದ ಭಾಗಿಸಿ, ಬಂದದ್ದನ್ನು 1 ರಿಂದ ಕಳೆದು, 141 ರಿಂದ ಗುಣಿಸಿ. ಬರುವುದು ಕಬ್ಬಿಣದ ಶೇಕಡಾ ಪ್ರಮಾಣ. ನಿಮ್ಮ 412 ಗ್ರಾಂ ಕಲ್ಲು ನೀರಿನಲ್ಲಿ 83 ತೋರಿಸಿದರೆ ಸಾಂದ್ರತೆ 4.96, ಕಬ್ಬಿಣ ಶೇ. 66 ರ ಹತ್ತಿರ, ಒಳ್ಳೆಯ ಅದಿರು. ಅದೇ 118 ತೋರಿಸಿದರೆ ಸಾಂದ್ರತೆ 3.49, ಕಬ್ಬಿಣ ಶೇ. 34 ಮಾತ್ರ, ಅಂದರೆ ಕೈಯಲ್ಲಿರುವುದು ಬೆಣಚು-ಹೆಮಟೈಟ್ ಪಟ್ಟೆಕಲ್ಲು. ಕಲ್ಲಿನಲ್ಲಿ ಸಣ್ಣ ತೂತು, ಗೋಯಥೈಟ್, ಜೇಡಿ ಇದ್ದರೆ ಈ ಲೆಕ್ಕ ತಪ್ಪುತ್ತದೆ. ತೂತಿದ್ದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಮ್ಯಾಗ್ನಟೈಟ್ ಸಾಂದ್ರತೆಯೂ 5.2 ರಷ್ಟೇ ಇರುವುದರಿಂದ ಇವೆರಡರ ನಡುವೆ ತೀರ್ಪು ಹೇಳಲು ಇದು ಬಾರದು. ಅದಕ್ಕೆ ಒರೆಯ ಗೆರೆಯೇ ಗತಿ.

ಗಡಸುತನವನ್ನು ನಾನು ಪರೀಕ್ಷೆಯ ಸಾಲಿಗೆ ಸೇರಿಸುವುದಿಲ್ಲ. ಪುಸ್ತಕದಲ್ಲಿ 5.5 ರಿಂದ 6.5 ಎಂದು ಇರುತ್ತದೆ, ಅದು ಗಟ್ಟಿ ಹರಳಿನ ಮಾತು. ಮಣ್ಣಿನಂಥ ಹೆಮಟೈಟ್ ಉಗುರಿಗೇ ಉದುರುತ್ತದೆ.

ರೂಪಗಳು

ಸಂಡೂರು ಬೆಟ್ಟಗಳ ಮೂಲ ಕಲ್ಲು ಪಟ್ಟೆಪಟ್ಟೆಯದು, ಗಣಿಯವರ ಬಾಯಲ್ಲಿ ‘ಬ್ಯಾಂಡೆಡ್ ಹೆಮಟೈಟ್ ಕ್ವಾರ್ಟ್ಜೈಟ್’, ಚುಟುಕಾಗಿ ‘ಬಿಎಚ್‌ಕ್ಯೂ’. ಒಂದು ಪಟ್ಟೆ ಹೆಮಟೈಟ್, ಒಂದು ಪಟ್ಟೆ ಬೆಣಚು. ಬೆಣಚು ಕೆಂಪಗಿದ್ದರೆ ಅದು ಜ್ಯಾಸ್ಪರ್, ಆಗ ‘ಬಿಎಚ್‌ಜೆ’ ಎನ್ನುತ್ತಾರೆ. ಸುಮಾರು 270 ಕೋಟಿ ವರ್ಷಗಳ ಹಿಂದೆ ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣ ಮತ್ತು ಸಿಲಿಕಾ ತಳಕ್ಕಿಳಿದು ಆದ ಪದರಗಳಿವು. ಕಬ್ಬಿಣ ಇಲ್ಲಿ ಶೇ. 30-40 ಅಷ್ಟೇ. ಆಮೇಲೆ ನೆಲದೊಳಗೆ ಹರಿದ ನೀರು ಬೆಣಚನ್ನು ಕರಗಿಸಿ ಒಯ್ದ ಕಡೆ ಹೆಮಟೈಟ್ ದಟ್ಟವಾಗಿ ಉಳಿದು ಶೇ. 60 ದಾಟಿದ ಅದಿರಾಯಿತು. ದೋಣಿಮಲೈ, ಕುಮಾರಸ್ವಾಮಿ ಬೆಟ್ಟ, ರಾಮನದುರ್ಗದ ಅದಿರೆಲ್ಲ ಈ ಬಗೆಯದು.

ಬೆಣಚು ಹೋಗಿ ಉಳಿದ ಹೆಮಟೈಟ್ ಒಂದಕ್ಕೊಂದು ಅಂಟಿಕೊಂಡಿದ್ದರೆ ಗಟ್ಟಿ ಅದಿರು, ಪದರ ಬಿಟ್ಟುಕೊಂಡಿದ್ದರೆ ಹಾಳೆ ಅದಿರು, ಅಂಟೇ ಇಲ್ಲದೆ ಕುಸಿದಿದ್ದರೆ ‘ಬ್ಲೂ ಡಸ್ಟ್’. ಬ್ಲೂ ಡಸ್ಟನ್ನು ಹೊಸಬರು ಕಸ ಎಂದುಕೊಳ್ಳುತ್ತಾರೆ. ನೀಲಿ ಛಾಯೆಯ ಬೂದು ಪುಡಿ, ಕೈಯಲ್ಲಿ ಹಿಡಿದರೆ ಜಾರಿಹೋಗುತ್ತದೆ. ಆದರೆ ಅದು ಕಬ್ಬಿಣ ಶೇ. 65 ದಾಟುವಷ್ಟು ಶುದ್ಧ. ಬೆರಳಿಗೆ ಹಚ್ಚಿ ಉಜ್ಜಿದರೆ ಕೆಂಪು ತಾನಾಗಿ ಕಾಣಿಸುತ್ತದೆ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಅಭ್ರಕದ ಹಾಗೆ ಹೊಳೆಯುವ ತೆಳು ಚಕ್ಕೆಗಳದು ಸ್ಪೆಕ್ಯುಲರೈಟ್. ಉಬ್ಬುಬ್ಬಾಗಿ ಬೆಳೆದು ಒಡೆದರೆ ಒಳಗೆ ನಡುವಿನಿಂದ ಹೊರಕ್ಕೆ ಕಿರಣದಂತೆ ಎಳೆ ತೋರುವುದು ಮೂತ್ರಪಿಂಡದಾಕಾರದ ಅದಿರು. ಇಂಗ್ಲೆಂಡಿನ ಕಂಬರ್ಲೆಂಡ್ ಗಣಿಗಳು ಇದಕ್ಕೆ ಹೆಸರಾಗಿದ್ದವು. ಜೇಡಿಯೊಡನೆ ಬೆರೆತ ಮೆತ್ತನೆಯದು ಕಾವಿಕಲ್ಲು, ಜಾಜು, ಕೆಮ್ಮಣ್ಣು. ಮಂಗಳ ಗ್ರಹದ ಮೆರಿಡಿಯಾನಿ ಬಯಲಿನಲ್ಲಿ 2004 ರಲ್ಲಿ ‘ಆಪರ್ಚುನಿಟಿ’ ರೋವರ್ ಕಂಡ ಕೆಲವೇ ಮಿಲಿಮೀಟರಿನ ಬೂದು ಗುಂಡುಗಳೂ ಹೆಮಟೈಟೇ, ಅಲ್ಲಿ ಹಿಂದೆ ನೀರಿತ್ತು ಎನ್ನಲು ಅವು ದೊಡ್ಡ ಸಾಕ್ಷಿಯಾದವು.

ಕುಲುಮೆಯಲ್ಲಿ

ನೂರು ಟನ್ ಹೆಮಟೈಟ್ ತೆಗೆದರೆ ಬಹುತೇಕ ಎಲ್ಲವೂ ಹೋಗುವುದು ಕಬ್ಬಿಣ ಮಾಡಲಿಕ್ಕೆ. ಊದುಕುಲುಮೆಯಲ್ಲಿ ಇಂಗಾಲದ ಮಾನಾಕ್ಸೈಡ್ ಅನಿಲ ಆಮ್ಲಜನಕವನ್ನು ಕಿತ್ತುಕೊಳ್ಳುತ್ತ ಹೋಗುತ್ತದೆ: ಹೆಮಟೈಟ್ ಮೊದಲು ಮ್ಯಾಗ್ನಟೈಟ್, ಬಳಿಕ ಆಮ್ಲಜನಕ ಇನ್ನೂ ಕಡಿಮೆ ಇರುವ ವುಸ್ಟೈಟ್, ಕೊನೆಗೆ ಕಬ್ಬಿಣ. ಶೇ. 62 ಕಬ್ಬಿಣದ ಅದಿರಾದರೆ ಒಂದು ಟನ್ ಬೀಡುಕಬ್ಬಿಣಕ್ಕೆ ಒಂದೂವರೆ ಟನ್ ಬೇಕು. ಕಬ್ಬಿಣದ ಪಾಲು ಮ್ಯಾಗ್ನಟೈಟಿನಲ್ಲಿ ಶೇ. 72 ಇದ್ದರೂ ಕುಲುಮೆಯವರು ಹೆಮಟೈಟನ್ನು ಇಷ್ಟಪಡುತ್ತಾರೆ. ಹೆಮಟೈಟ್ ಮ್ಯಾಗ್ನಟೈಟ್ ಆಗುವಾಗ ಗಾತ್ರ ಹಿಗ್ಗಿ ಕಣದಲ್ಲಿ ಸಣ್ಣ ಬಿರುಕು, ರಂಧ್ರ ಬೀಳುತ್ತವೆ, ಅನಿಲ ಒಳಗಿಳಿಯಲು ದಾರಿಯಾಗುತ್ತದೆ.

ಇದೇ ಗುಣ ಅತಿಯಾದರೆ ತೊಂದರೆ. ಕುಲುಮೆಯ ಮೇಲ್ಭಾಗದಲ್ಲಿ 500-600 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಹಿಗ್ಗುವಿಕೆಯಿಂದ ಅದಿರು ಪುಡಿಯಾಗಿ, ಪುಡಿ ಗಾಳಿದಾರಿ ಮುಚ್ಚಿ, ಕುಲುಮೆಯ ಉಸಿರು ಕಟ್ಟುತ್ತದೆ. ಅದಕ್ಕೇ ಖರೀದಿಗೆ ಮುಂಚೆ 550 ಡಿಗ್ರಿಯಲ್ಲಿ ಅದಿರು ಎಷ್ಟು ಪುಡಿಯಾಗುತ್ತದೆ ಎಂದು ಪರೀಕ್ಷಿಸುತ್ತಾರೆ. ಒಳಗೆ ನೀರಿನಂಶ ಸಿಕ್ಕಿಕೊಂಡ ಅದಿರು ಕಾದೊಡನೆ ಸಿಡಿಯುವುದು ಇನ್ನೊಂದು ಕಾಟ. ಬಳ್ಳಾರಿ, ಕೊಪ್ಪಳದ ಸ್ಪಾಂಜ್ ಐರನ್ (ಅದಿರನ್ನು ಕರಗಿಸದೆ ಮಾಡುವ ಕಬ್ಬಿಣ) ಕಾರ್ಖಾನೆಗಳಿಗೆ ಇದು ಚೆನ್ನಾಗಿ ಗೊತ್ತು. ಅವರು ಕೇಳುವುದು 5 ರಿಂದ 18 ಮಿಲಿಮೀಟರಿಗೆ ಜರಡಿ ಹಿಡಿದ ಲಂಪ್ಸ್, ಅಂದರೆ ಅದಿರಿನ ತುಂಡು. ಹತ್ತು ಮಿಲಿಮೀಟರಿಗಿಂತ ಸಣ್ಣ ಫೈನ್ಸ್ ಊದುಕುಲುಮೆಗೆ ನೇರ ಹೋಗುವುದಿಲ್ಲ. ಸಿಂಟರ್ ಮಾಡಿ, ಅಂದರೆ ಕಾಯಿಸಿ ಗಟ್ಟೆ ಕಟ್ಟಿಸಿ ಹೋಗಬೇಕು, ಇಲ್ಲವೇ ಇನ್ನೂ ನಯವಾಗಿ ಅರೆದು 8-16 ಮಿಲಿಮೀಟರಿನ ಪೆಲೆಟ್ (ಉಂಡೆ) ಮಾಡಿ. ಇನ್ನು ಭಾರತದ ಹೆಮಟೈಟಿಗೆ ಅಂಟಿದ ಶಾಪ ಅಲ್ಯುಮಿನ, ಅಂದರೆ ಅಲ್ಯುಮಿನಿಯಮ್ಮಿನ ಆಕ್ಸೈಡ್. ಅದು ಹೆಚ್ಚಿದರೆ ಕಿಟ್ಟ ಗಟ್ಟಿಯಾಗಿ ಸಲೀಸಾಗಿ ಹರಿಯುವುದಿಲ್ಲ, ಕೋಕ್ ಹೆಚ್ಚು ಸುಡಬೇಕು. ಕಬ್ಬಿಣದ ಶೇಕಡಾ ಒಂದನ್ನೇ ಕೇಳಿ ಅದಿರಿನ ಗುಣ ಅಳೆಯುವವರು ಇದನ್ನು ಮರೆಯುತ್ತಾರೆ.

ಕುದುರೆಮುಖದ ಅದಿರು ಮ್ಯಾಗ್ನಟೈಟ್. ಕಬ್ಬಿಣ ಕಡಿಮೆ ಇದ್ದರೂ ಅರೆದು ಆಯಸ್ಕಾಂತದಿಂದ ಹೆಕ್ಕಿ ಶುದ್ಧ ಮಾಡಿ ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು. 2005 ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಹೆಮಟೈಟನ್ನು ಹಾಗೆ ಸಾದಾ ಆಯಸ್ಕಾಂತದಿಂದ ಹೆಕ್ಕಲಾಗದು. ತೂಕದ ವ್ಯತ್ಯಾಸದಿಂದ ತೊಳೆಯಬೇಕು, ನೊರೆಯಲ್ಲಿ ತೇಲಿಸಬೇಕು, ಅಥವಾ ಬಹಳ ತೀವ್ರ ಕಾಂತಕ್ಷೇತ್ರದ ಯಂತ್ರ ಬೇಕು. ಪಟ್ಟೆಕಲ್ಲುಗಳ ರಾಶಿ ಬೆಟ್ಟದಂತೆ ಉಳಿದಿರುವುದಕ್ಕೆ ಈ ಖರ್ಚೂ ಒಂದು ಕಾರಣ.

ಕುಲುಮೆಯ ಆಚೆ

ಬಣ್ಣದ್ದು ಎಲ್ಲಕ್ಕಿಂತ ಹಳೆಯ ಬಳಕೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬಂಡೆಗಳ ಮೇಲಿನ ಕೆಂಪು ಚಿತ್ರಗಳು ಕಾವಿಕಲ್ಲಿನವು. ಕರಾವಳಿ ದೇವಸ್ಥಾನಗಳ ಗೋಡೆಯ ಮೇಲೆ ಸುಣ್ಣದ ಗಾರೆಗೆ ಕೆಂಪು ಹಚ್ಚಿ, ಕೆರೆದು ಬಿಳಿ ಹೊರಡಿಸುವ ಕಾವಿ ಕಲೆಯ ಬಣ್ಣವೂ ಇದೇ ಕುಲದ್ದು. ಬಿಸಿಲಿಗೆ ಮಾಸುವುದಿಲ್ಲ, ಸುಣ್ಣ-ಸಿಮೆಂಟಿನ ಕ್ಷಾರಕ್ಕೆ ಕೆಡುವುದಿಲ್ಲ, ಏಕೆಂದರೆ ಆಮ್ಲಜನಕ ಸೇರಲು ಇನ್ನು ಬಾಕಿ ಏನೂ ಉಳಿದಿಲ್ಲ. ಹಳದಿ ಮಣ್ಣಿನ ಇಟ್ಟಿಗೆ ಆವಿಗೆಯಲ್ಲಿ ಸುಟ್ಟಾಗ ಕೆಂಪಾಗುವುದೂ ಇದರಿಂದಲೇ: ಮಣ್ಣಿನ ಗೋಯಥೈಟ್ ಸುಮಾರು 300 ಡಿಗ್ರಿಗೆ ನೀರು ಕಳೆದುಕೊಂಡು ಹೆಮಟೈಟ್ ಆಗುತ್ತದೆ.

ಮನೆಗೆ ರೆಡ್ ಆಕ್ಸೈಡ್ ನೆಲ ಹಾಕಿಸುವವರು ತಿಳಿದಿರಬೇಕಾದ್ದು: ಇವತ್ತು ಅಂಗಡಿಯಲ್ಲಿ ಸಿಗುವುದು ಬಹುತೇಕ ಕಾರ್ಖಾನೆಯಲ್ಲಿ ತಯಾರಾದ ಹೆಮಟೈಟ್, ಕಲ್ಲು ಅರೆದದ್ದಲ್ಲ. ಅದು ಸಿಮೆಂಟಿನ ತೂಕದ ಶೇ. 5 ರಿಂದ 10 ರಷ್ಟಿದ್ದರೆ ಸಾಕು. ಮೇಲೆ ಸುರಿದಷ್ಟೂ ಬಣ್ಣ ಏರುವುದಿಲ್ಲ. ಬಣ್ಣದ ನುಣುಪು ಪುಡಿ ನೀರು ಹೆಚ್ಚು ಕುಡಿಯುತ್ತದೆ, ಒಣಗುವಾಗ ಕೂದಲೆಳೆ ಬಿರುಕು ಬಿಡುತ್ತದೆ. ಸಿಮೆಂಟು-ಬಣ್ಣ ಒಣಗಿದ್ದಾಗಲೇ ಎರಡು ಸಲ ಜರಡಿ ಹಿಡಿದು ಬೆರೆಸಿ ಆಮೇಲೆ ನೀರು ಹಾಕಬೇಕು, ಇಲ್ಲದಿದ್ದರೆ ಗಂಟು ಉಳಿದು ಚುಕ್ಕೆ ಕಾಣುತ್ತದೆ. ಒಂದು ಕೋಣೆಗೆ ಬೇಕಾದಷ್ಟನ್ನೂ ಒಂದೇ ಸಲ ಬೆರೆಸಿಟ್ಟು ಒಂದೇ ದಿನ ಹಾಕಿ ಮುಗಿಸಿ. ಮರುದಿನದಿಂದ ಕನಿಷ್ಠ 7 ದಿನ ನೀರು ನಿಲ್ಲಿಸಿ. ಬಿಳಿ ಪೊರೆ ಬಂದರೆ ಬಣ್ಣ ಕೆಟ್ಟಿತು ಎಂದುಕೊಳ್ಳಬೇಡಿ, ಅದು ಸಿಮೆಂಟಿನ ಸುಣ್ಣ ಮೇಲೆ ಬಂದದ್ದು. ನಿಮ್ಮ ಹೊಲದ ಕಲ್ಲನ್ನೇ ಅರೆದು ಹಾಕುವ ಆಸೆ ಬೇಡ. ಗಟ್ಟಿ ಬೂದು ಹೆಮಟೈಟನ್ನು ಕೆಲವು ಮೈಕ್ರಾನಿಗೆ ಇಳಿಸುವುದು ಒರಳಿನ ಕೆಲಸವಲ್ಲ. ದಪ್ಪ ಉಳಿದರೆ ಬಣ್ಣ ಮಂಕು ನೇರಳೆಯಾಗುತ್ತದೆ.

ಚಕ್ಕೆ ರೂಪದ ಹೆಮಟೈಟ್ ಉಕ್ಕಿನ ಸೇತುವೆಗಳ ಪೇಂಟಿಗೆ ಹೋಗುತ್ತದೆ. ಚಕ್ಕೆಗಳು ಒಂದರ ಮೇಲೊಂದು ಹೆಂಚಿನಂತೆ ಕೂತು ತೇವಕ್ಕೂ ಬಿಸಿಲಿಗೂ ಅಡ್ಡ ನಿಲ್ಲುತ್ತವೆ. ಭಾರವೇ ಮುಖ್ಯವಾದ ಕಡೆಗಳೂ ಇವೆ: ತೈಲಬಾವಿ ಕೊರೆಯುವ ಕೆಸರಿಗೆ ತೂಕ ಕೊಡಲು ಬರೈಟ್ ಎಂಬ ಭಾರದ ಖನಿಜದ ಬದಲು ಬಳಸುತ್ತಾರೆ, ವಿಕಿರಣ ತಡೆಯುವ ಗೋಡೆಗಳಿಗೆ ಜಲ್ಲಿಯಾಗಿ ಹಾಕುತ್ತಾರೆ. ಸಾದಾ ಕಾಂಕ್ರೀಟು ಘನ ಮೀಟರಿಗೆ 2.4 ಟನ್, ಹೆಮಟೈಟ್ ಜಲ್ಲಿಯದು 3.5 ಟನ್ ಮೀರಬಲ್ಲದು. ಅಕ್ಕಸಾಲಿಗರು ಚಿನ್ನಕ್ಕೆ ಕೊನೆಯ ಮೆರುಗು ಕೊಡುವ ಕೆಂಪು ಪುಡಿ, ಕ್ಯಾಲಮೈನ್ ಲೋಷನ್ನಿನ ತಿಳಿಗುಲಾಬಿ ಬಣ್ಣ, ಮಾತ್ರೆಗಳ ಕಂದು ಹೊದಿಕೆ, ಎಲ್ಲದರಲ್ಲೂ ಶುದ್ಧೀಕರಿಸಿದ ಇದೇ ಆಕ್ಸೈಡ್.

ಅದಕ್ಕೇ ಒಂದು ಎಚ್ಚರಿಕೆ. ‘ಕಬ್ಬಿಣದ ಕಲ್ಲು, ಪುಡಿ ತಿಂದರೆ ರಕ್ತ ಹೆಚ್ಚುತ್ತದೆ’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಹೆಮಟೈಟ್ ಹೊಟ್ಟೆಯಲ್ಲಿ ಸರಿಯಾಗಿ ಕರಗುವುದಿಲ್ಲ, ಕಬ್ಬಿಣ ಮೈಗೆ ಹತ್ತುವುದಿಲ್ಲ. ನೆಲದಿಂದ ಬಂದ ಪುಡಿಯಲ್ಲಿ ಬೇರೆ ಏನೇನಿದೆಯೋ. ಬಸುರಿಯರಿಗೆ ಕೆಮ್ಮಣ್ಣು ತಿನ್ನುವ ಬಯಕೆ ಬಂದರೆ ರಕ್ತಹೀನತೆಯ ಲಕ್ಷಣ ಆಗಿರಬಹುದು, ವೈದ್ಯರಿಗೆ ತೋರಿಸಿ. ಪಟ್ಟೆಕಲ್ಲು ಕುಟ್ಟುವಾಗ, ಕತ್ತರಿಸುವಾಗ ಮೂಗಿಗೆ ಒಳ್ಳೆಯ ಮಾಸ್ಕ್ ಇರಲಿ, ನೀರು ಚಿಮುಕಿಸುತ್ತಿರಿ; ಅಪಾಯ ಹೆಮಟೈಟಿಗಿಂತ ಅದರೊಳಗಿನ ಬೆಣಚಿನ ಧೂಳಿನದು.

ಬ್ರೇಸ್‌ಲೆಟ್ಟಿನ ಮಾತಿಗೆ ಬರೋಣ. ಮಣಿಗಳು ಒಂದಕ್ಕೊಂದು ಕಚ್ಚಿಕೊಂಡರೆ ಅದು ಗಣಿಯ ಹೆಮಟೈಟ್ ಅಲ್ಲ. ಕಬ್ಬಿಣದ ಆಕ್ಸೈಡಿಗೆ ಬೇರಿಯಮ್ ಅಥವಾ ಸ್ಟ್ರಾನ್ಷಿಯಮ್ ಲವಣ ಬೆರೆಸಿ ಒತ್ತಿ ಸುಟ್ಟ ಫೆರೈಟ್, ನಿಮ್ಮ ಸ್ಪೀಕರಿನ ಆಯಸ್ಕಾಂತದ ಜಾತಿಯದೇ. ಮೂಲದಲ್ಲಿ ಕಬ್ಬಿಣದ ಆಕ್ಸೈಡೇ ಹೆಚ್ಚಿರುವುದರಿಂದ ಒರೆ ಹಚ್ಚಿದರೆ ಕಂದು ಛಾಯೆ ಬರಬಹುದು, ಹಾಗಾಗಿ ಇಲ್ಲಿ ಗೆರೆಗಿಂತ ಆಯಸ್ಕಾಂತದ ತೀರ್ಪು ಗಟ್ಟಿ. ನಿಜವಾದ ಹೆಮಟೈಟ್ ಮಣಿಗಳೂ ಮಾರುಕಟ್ಟೆಯಲ್ಲಿವೆ, ಅವು ಒಂದನ್ನೊಂದು ಹಿಡಿಯುವುದಿಲ್ಲ. ರಕ್ತದೊತ್ತಡ, ಮಂಡಿನೋವು ಇಳಿಸುತ್ತದೆ ಎಂಬ ಮಾರಾಟದ ಮಾತಿಗೆ ಆಧಾರವಿಲ್ಲ, ಎರಡರಲ್ಲಿ ಯಾವುದಕ್ಕೂ. ಮನೆಯಲ್ಲಿ ಮಕ್ಕಳಿದ್ದರೆ ಆಯಸ್ಕಾಂತದ ಮಣಿಗಳನ್ನು ದೂರ ಇಡಿ. ಎರಡು ಮಣಿ ನುಂಗಿದರೆ ಕರುಳಿನ ಎರಡು ಮಡಿಕೆಗಳ ನಡುವೆ ಕಚ್ಚಿ ಹಿಡಿದು ತೂತು ಮಾಡಬಹುದು. ಪೇಸ್‌ಮೇಕರ್ ಹಾಕಿಸಿಕೊಂಡವರೂ ಧರಿಸಬಾರದು.

ಬೆಲೆ ಕೇಳಿದ್ದೀರಿ. ಅದಿರು ಟನ್ ಲೆಕ್ಕದಲ್ಲಿ ಹೋಗುವ ಸರಕು, ಒಂದು ಕಲ್ಲಿಗೆ ಬೆಲೆ ಇಲ್ಲ. ಹೊಲದಲ್ಲಿ ಇಂಥವು ಹಲವು ಸಿಕ್ಕರೂ ಕೆಳಗೆ ಅದಿರಿನ ಪದರ ಇದೆ ಎಂದಾಗುವುದಿಲ್ಲ. ಮೂಲೆಗಳು ಸವೆದು ದುಂಡಗಿದ್ದರೆ ಬೆಟ್ಟದಿಂದ ಉರುಳಿಯೋ ನೀರಿನಲ್ಲಿ ಹೊರಳಿಯೋ ಬಂದ ಕಲ್ಲು. ಜಮೀನು ನಿಮ್ಮದೇ ಆದರೂ ಕಬ್ಬಿಣದ ಅದಿರನ್ನು ಗುತ್ತಿಗೆ ಇಲ್ಲದೆ ಅಗೆದು ಮಾರುವಂತಿಲ್ಲ, ಪರ್ಮಿಟ್ ಇಲ್ಲದೆ ಸಾಗಿಸುವಂತೆಯೂ ಇಲ್ಲ. 1957 ರ ಗಣಿ ಕಾಯ್ದೆಗೆ 2015 ರಲ್ಲಿ ಆದ ತಿದ್ದುಪಡಿಯ ಬಳಿಕ ಗುತ್ತಿಗೆ ಸಿಗುವುದು ಹರಾಜಿನಲ್ಲಿ. ಶೇಕಡಾವಾರು ಖಚಿತವಾಗಿ ಬೇಕೆಂದರೆ ಅದಿರು ಪರೀಕ್ಷಿಸುವ ಪ್ರಯೋಗಾಲಯಕ್ಕೆ ಕೊಡಿ. ಒಂದೇ ಹೊಳೆಯುವ ಚೂರು ಕೊಟ್ಟರೆ ಫಲಿತಾಂಶ ಆ ಚೂರಿಗಷ್ಟೇ ಸಲ್ಲುತ್ತದೆ. ಹೊಲದ ಬೇರೆ ಬೇರೆ ಕಡೆಯ ಕಲ್ಲುಗಳನ್ನು ಆರಿಸದೆ ಎತ್ತಿ, ಒಟ್ಟಿಗೆ ಕುಟ್ಟಿ, ರಾಶಿಯನ್ನು ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಉಳಿಸಿಕೊಳ್ಳುತ್ತ, ಅರ್ಧ ಕಿಲೋಗೆ ಇಳಿಸಿ ಕಳಿಸಿ. ಕಬ್ಬಿಣದ ಜತೆಗೆ ಸಿಲಿಕಾ, ಅಲ್ಯುಮಿನ, ರಂಜಕ, ಕಾಯಿಸಿದಾಗ ಇಳಿಯುವ ತೂಕ, ಈ ನಾಲ್ಕನ್ನೂ ಬರೆದುಕೊಡಲು ಹೇಳಿ.